ಎಕ್ಸ್‌ಪ್ರೆಸ್ ಗೇಟು ತೆರೆದ ಬಗ್ಗೆ ಬಾವಿಯಕ್ಕನ ಹೇಳಿಕೆ

ಹೇಳಿಕೆ ಕೊಡುವವಳು: ಪಾರ್ಕಿನಲ್ಲಿ ಎಲ್ಲರೂ ಬಾವಿಯಕ್ಕ ಎಂದು ಕರೆಯುವ ಹೆಂಗಸು. ವಯಸ್ಸು ಮೂವತ್ನಾಲ್ಕು. ಉದ್ಯೋಗ ದೆವ್ವ. ವಾಸ, ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ.

ಉದ್ಯೋಗದ ಜಾಗದಲ್ಲಿ ಕಲಾವಿದೆ ಎಂದು ಹಾಕಲೇ ಎಂದು ಹೇಳಿಕೆ ಬರೆದುಕೊಳ್ಳುವ ಪೇದೆಯವರು ಕೇಳಿದರು. ಬೇಡ, ದೆವ್ವ ಎಂದೇ ಬರೆಯಿರಿ ಎಂದೆ. ಪಾರ್ಕಿನ ಭೂತಬಂಗಲೆಯಲ್ಲಿ ಸಿಮೆಂಟಿನ ಬಾವಿಯೊಂದಿದೆ. ಆರು ವರ್ಷದಿಂದ ನಾನು ಅದರೊಳಗಿಂದ ಎದ್ದು ಬರುತ್ತಿದ್ದೇನೆ. ಅದು ನನ್ನ ಅನ್ನ. ಅದನ್ನು ಬೇರೆ ಹೆಸರಿನಲ್ಲಿ ಕರೆದು ದೊಡ್ಡದು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಠಾಣೆಗೆ ಯಾರೂ ಕರೆಸದೆ ನಾನಾಗಿ ಬಂದು ತಿಳಿಸುವುದೇನೆಂದರೆ, ನಿನ್ನೆ ಸಂಜೆ ಪಾರ್ಕಿನ ಹ್ಯಾಲೋವೀನ್ ಉತ್ಸವದಲ್ಲಿ ನೂಕುನುಗ್ಗಲಾಗಿ ಹನ್ನೊಂದು ಜನರಿಗೆ ಪೆಟ್ಟಾಗಿದೆ. ಈ ಸಂಬಂಧ ಪಾರ್ಕಿನ ಮ್ಯಾನೇಜರರು ಗೇಟು ಕಾಯುವವರ ಮೇಲೆ ದೂರು ಕೊಟ್ಟಿದ್ದಾರೆ. ಗೇಟು ಕಾಯುವವರು ತಮ್ಮ ಹೆಂಡತಿಯನ್ನು ಪುಕ್ಕಟೆಯಾಗಿ ಎಕ್ಸ್‌ಪ್ರೆಸ್ ಸಾಲಿಗೆ ಬಿಟ್ಟುಕೊಳ್ಳಲು ಬೀಗ ತೆಗೆದರು, ಅದರಿಂದಲೇ ಜನ ನುಗ್ಗಿ ಅನಾಹುತವಾಯಿತು ಎಂಬುದು ಆ ದೂರು. ಗೇಟು ಕಾಯುವವರು ನನ್ನ ಚಿಕ್ಕಪ್ಪ. ಆ ಹೆಂಡತಿ ನನ್ನ ಚಿಕ್ಕಮ್ಮ. ನನ್ನನ್ನು ಸಾಕಿದವರು ಇವರಿಬ್ಬರೇ. ಚಿಕ್ಕಪ್ಪನ ನೌಕರಿ ಮುಗಿಯಲು ಇನ್ನು ಒಂಬತ್ತು ತಿಂಗಳಿದೆ. ಕೇಸು ಬಿದ್ದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಪಿಂಚಣಿಯೂ ಹೋಗುತ್ತದೆ. ನಾನು ಇದನ್ನು ಹೇಳುತ್ತಿರುವಾಗ ಅವರು ಇದೇ ಕೋಣೆಯ ಆ ತುದಿಯ ಬೆಂಚಿನ ಮೇಲೆ, ಗೋಡೆಯ ಗಡಿಯಾರದ ಕೆಳಗೆ, ನನ್ನ ಮೆಲುದನಿ ಕೇಳಿಸದಷ್ಟು ದೂರ ಕೂತಿದ್ದಾರೆ. ಚಿಕ್ಕಮ್ಮ ಬಾಗಿಲಲ್ಲಿದ್ದಾರೆ. ಮ್ಯಾನೇಜರರ ದೂರು ಸುಳ್ಳು. ಗೇಟು ತೆಗೆಯುವ ಮುಂಚೆಯೇ ಜನ ನಜ್ಜುಗುಜ್ಜಾಗುತ್ತಿದ್ದರು. ಗೇಟು ತೆಗೆದದ್ದು ನಾನು.

ಮೊದಲು ಟಿಕೆಟಿನ ವಿಚಾರ ಹೇಳುತ್ತೇನೆ. ಅದು ತಿಳಿಯದಿದ್ದರೆ ಗೇಟಿನ ವಿಚಾರ ತಿಳಿಯುವುದಿಲ್ಲ.

ಹ್ಯಾಲೋವೀನ್ ದಿನಗಳಲ್ಲಿ ನಮ್ಮಲ್ಲಿ ಎರಡು ಟಿಕೆಟ್. ಒಂದು ಸಾಮಾನ್ಯ, ಇನ್ನೊಂದು ಎಕ್ಸ್‌ಪ್ರೆಸ್. ಎಕ್ಸ್‌ಪ್ರೆಸ್ಸಿಗೆ ಸಾಮಾನ್ಯದ ಮೂರು ಪಟ್ಟು ದುಡ್ಡು. ಅದನ್ನು ಕೊಂಡವರು ಕಾಯುವುದಿಲ್ಲ, ಅಗಲವಾದ ದಾರಿಯಲ್ಲಿ ಕೈ ಬೀಸಿಕೊಂಡು ನೇರ ಭೂತಬಂಗಲೆಗೆ ನಡೆಯುತ್ತಾರೆ. ಎರಡರ ದರವೂ ಒಂದೇ ಕಡೆ ನಿಲ್ಲುವುದಿಲ್ಲ. ಕೌಂಟರಿನ ಮೇಲೆ ಮಿನುಗುವ ಬೋರ್ಡಿದೆ. ಜನ ಕಮ್ಮಿ ಇದ್ದರೆ ದರ ಇಳಿಯುತ್ತದೆ, ಜನ ಕಿಕ್ಕಿರಿದರೆ ಏರುತ್ತದೆ. ಅಂದರೆ ಕಾಲಿಡಲು ಜಾಗವಿಲ್ಲದ ದಿನ ನೀವು ಹೆಚ್ಚು ದುಡ್ಡು ಕೊಟ್ಟು ಕಮ್ಮಿ ಜಾಗ ಕೊಳ್ಳುತ್ತೀರಿ. ಅಂಗಡಿಯಲ್ಲಿ ಹೀಗೆ ಅಕ್ಕಿ ಮಾರಿದರೆ ನೀವೇ ಬಂದು ಅಂಗಡಿ ಮುಚ್ಚಿಸುತ್ತೀರಿ. ಇಲ್ಲಿ ಅದಕ್ಕೆ ಉತ್ಸವ ಎನ್ನುತ್ತಾರೆ. ಇನ್ನೂ ಒಂದು ಮಾತು. ಎಕ್ಸ್‌ಪ್ರೆಸ್ ಮಾರಾಟವಾಗಬೇಕಾದರೆ ಸಾಮಾನ್ಯ ಸಾಲು ಉದ್ದವಿರಬೇಕು, ನೋಡಿದವರಿಗೆ ಅಯ್ಯೋ ಅನ್ನಿಸಬೇಕು. ಇಲ್ಲದಿದ್ದರೆ ಯಾರಾದರೂ ಮೂರು ಪಟ್ಟು ಯಾಕೆ ಕೊಡುತ್ತಾರೆ. ಹಾಗಾಗಿ ಸಾಲು ಕರಗಿಸುವ ಆಸೆ ಅಲ್ಲಿ ಯಾರಿಗೂ ಇಲ್ಲ.

ಜಾಗ ಹೀಗಿದೆ. ಅಂಗಳದಿಂದ ಭೂತಬಂಗಲೆಯ ಬಾಗಿಲವರೆಗೆ ಸಾಮಾನ್ಯ ಟಿಕೆಟಿನವರಿಗೆ ಒಂದು ಓಣಿ. ಉದ್ದ ಸುಮಾರು ನಲವತ್ತು ಮೀಟರ್. ಅಗಲದಲ್ಲಿ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲಬಹುದು. ಎರಡೂ ಕಡೆ ಆರಡಿ ಗೋಡೆ, ಗೋಡೆಯ ಮೇಲೆ ಪ್ಲಾಸ್ಟಿಕ್ ಕುಂಬಳಕಾಯಿಗಳ ಸಾಲು, ಒಳಗೆ ದೀಪ. ಓಣಿಯ ಕೊನೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗುವ ಕಂಬಿ. ಅದರ ಪಕ್ಕದಲ್ಲೇ ಚಕ್ರದ ಮೇಲೆ ಜಾರುವ ಕಬ್ಬಿಣದ ಸರಳಿನ ಗೇಟು. ಗೇಟಿನ ಆಚೆ ಎಕ್ಸ್‌ಪ್ರೆಸ್ ದಾರಿ. ಆ ಗೇಟಿಗೆ ಯಾವಾಗಲೂ ಬೀಗ. ಚಿಕ್ಕಪ್ಪ ಎಕ್ಸ್‌ಪ್ರೆಸ್ ದಾರಿಯ ಕಡೆ ಸ್ಟೂಲು ಹಾಕಿಕೊಂಡು ಅದನ್ನೇ ಕಾಯುತ್ತಾರೆ.

ನಮ್ಮ ಕೆಲಸದ ರೀತಿಯನ್ನೂ ಹೇಳಬೇಕು. ದೆವ್ವದ ಕೆಲಸಕ್ಕೆ ಸೇರಿದ ದಿನ ಕಲಿಸುವುದು ಒಂದೇ ಪಾಠ, ಹಿಂದಿನಿಂದ ಹೆದರಿಸು. ಎದುರಿಗೆ ನಿಂತು ಹೆದರಿಸಿದರೆ ಜನ ವಾಪಸ್ ಓಡುತ್ತಾರೆ, ದಾರಿ ಕಟ್ಟಿಕೊಳ್ಳುತ್ತದೆ. ಹಿಂದಿನಿಂದ ಹೆದರಿಸಿದರೆ ಮುಂದಕ್ಕೆ ಓಡುತ್ತಾರೆ, ಸಾಲು ಸಾಗುತ್ತದೆ. ಹ್ಯಾಲೋವೀನ್ ಬಂದರೆ ನಮ್ಮಲ್ಲಿ ಹನ್ನೆರಡು ಜನರನ್ನು ಬಂಗಲೆಯಿಂದ ಹೊರಗೆ ತಂದು ಓಣಿಯ ಬಾಲಕ್ಕೆ, ಅಂದರೆ ಅಂಗಳದ ಕಡೆಯ ತುದಿಗೆ, ಬಿಡುತ್ತಾರೆ. ಕಾಯುವವರಿಗೆ ಬೇಜಾರಾಗದಿರಲಿ ಎಂಬುದು ಹೇಳುವ ಕಾರಣ. ಗಂಟೆಗಟ್ಟಲೆ ನಿಂತವರಿಗೆ ಬರಬೇಕಾದ ಸಿಟ್ಟನ್ನು ಭಯ ಮಾಡಿ ನಗಿಸಿ ಕಳಿಸುವುದು ನಿಜವಾದ ಕಾರಣ. ಆ ಕೆಲಸವನ್ನು ನಾವು ಚೆನ್ನಾಗಿ ಮಾಡುತ್ತೇವೆ.

ನಿನ್ನೆ ಬೆಳಿಗ್ಗೆ ಮನೆಯಲ್ಲಿ ಚಿಕ್ಕಮ್ಮ ತಾನೂ ಉತ್ಸವಕ್ಕೆ ಬರುವುದಾಗಿ ಹೇಳಿದರು. ನೌಕರರ ಮನೆಯವರಿಗೆ ಕೊಡುತ್ತಿದ್ದ ಪುಕ್ಕಟೆ ಪಾಸನ್ನು ಈ ವರ್ಷ ಹ್ಯಾಲೋವೀನ್ ದಿನಗಳಿಗೆ ರದ್ದು ಮಾಡಿದ್ದಾರೆ. ದುಡ್ಡು ಕೊಟ್ಟು ಯಾಕೆ ಬರ್ತೀಯಾ, ಮನೇಲೇ ಹೆದರಿಸ್ತೀನಿ ಎಂದೆ. ಆರು ವರ್ಷದಿಂದ ಮಾಳಿಗೆ ಮೆಟ್ಟಿಲ ಮೇಲೆ ನೀನು ಕಿರುಚೋದು ಅಭ್ಯಾಸ ಮಾಡೋವಾಗೆಲ್ಲ ನನ್ನ ಹಾಲು ಉಕ್ಕಿ ಹೋಗಿದೆ, ಅಷ್ಟು ಹಾಲು ಚೆಲ್ಲಿಸಿ ಅದೇನು ಕಲಿತಿದೀಯೋ ಒಂದ್ಸಲ ನೋಡ್ಬೇಕು ಕಣೇ ಎಂದರು. ಚಿಕ್ಕಪ್ಪ ಬೂಟಿಗೆ ಪಾಲಿಶ್ ಹಾಕುತ್ತ, ಬರ್ತೀಯಾದ್ರೆ ಸಾಮಾನ್ಯ ಸಾಲಲ್ಲೇ ಬಾ, ನನ್ನ ಗೇಟಿನ ಹತ್ರ ಬಂದು ರೀ ಅಂತ ಕರೀಬೇಡ, ಕೆಲಸದ ಜಾಗ ಅದು ಎಂದರು. ಈ ಮಾತನ್ನು ಪೇದೆಯವರು ದಯವಿಟ್ಟು ಬಿಡದೆ ಬರೆದುಕೊಳ್ಳಬೇಕು. ಹೆಂಡತಿಗಾಗಿ ಬೀಗ ತೆಗೆಯುವ ಗಂಡಸು ಬೆಳಿಗ್ಗೆ ಆಡುವ ಮಾತಲ್ಲ ಅದು.

ಸಂಜೆ ಐದೂವರೆಗೆ ಬಣ್ಣದ ಕೋಣೆಯಲ್ಲಿ ಹಾಜರಿ. ಹನ್ನೆರಡು ದೆವ್ವಕ್ಕೆ ಒಂದೇ ಕನ್ನಡಿ. ಸುಟ್ಟ ಗಾಯ ಅಂಟಿಸುವ ಗೋಂದಿನ ವಾಸನೆಗೆ ಎಲ್ಲರಿಗೂ ತಲೆನೋವು. ಮ್ಯಾನೇಜರರು ಬಂದು ಚಪ್ಪಾಳೆ ತಟ್ಟಿ, ಪಾರ್ಕು ಶುರುವಾದಾಗಿನಿಂದ ಒಂದೇ ದಿನ ಇಷ್ಟು ಟಿಕೆಟ್ ಹೋದದ್ದಿಲ್ಲ, ಇವತ್ತು ದಾಖಲೆ ಎಂದರು. ಮರಗಾಲು ಕಟ್ಟಿಕೊಂಡು ನಡೆಯುವ ನಮ್ಮ ಉದ್ದಣ್ಣ, ಇಷ್ಟೂ ಜನ ಓಣಿಯಲ್ಲಿ ಹಿಡಿಸ್ತಾರಾ ಸಾರ್, ಎಷ್ಟು ಜನಕ್ಕೆ ಅಂತ ಮಿತಿ ಏನಾದ್ರೂ ಇದೆಯಾ ಎಂದು ಕೇಳಿದ. ದೆವ್ವಕ್ಕೆ ಯಾಕಯ್ಯಾ ಲೆಕ್ಕ, ಸಾಲು ಬಿಗಿಯಾಗಿ ಇಟ್ಕೊಳ್ಳಿ, ನಡುವೆ ಗಾಳಿ ಆಡಬಾರದು, ಇಕ್ಕಟ್ಟು ಇದ್ರೇನೇ ಭಯ ಎಂದರು ಮ್ಯಾನೇಜರರು. ಉದ್ದಣ್ಣ ನನ್ನ ಕಡೆ ನೋಡಿದ. ನಾನು ನಮ್ಮ ದೆವ್ವಗಳ ಸಂಘದ ಕಾರ್ಯದರ್ಶಿ. ಓಣಿಯಲ್ಲಿ ಇಷ್ಟೇ ಜನ ಎಂದು ಮಿತಿ ಹಾಕಿ ಎಂದು ಹೋದ ವರ್ಷ ಸಂಘದಿಂದ ಕೇಳಿದ್ದೆವು. ಆಗಲೂ ಇದೇ ಉತ್ತರ ಬಂದಿತ್ತು.

ಆರಕ್ಕೆ ಓಣಿಯ ಬಾಲದಲ್ಲಿ ಕೆಲಸ ಶುರು ಮಾಡಿದೆವು. ಸುಳ್ಳು ಹೇಳುವುದಿಲ್ಲ, ಆ ಹೊತ್ತಿಗೆ ನನ್ನ ಮೈಯೆಲ್ಲ ಹುರುಪು. ಬಾವಿಯೊಳಗೆ ಒಂದು ಸಲಕ್ಕೆ ಆರೇಳು ಮುಖ ಕಾಣುತ್ತವೆ. ಇಲ್ಲಿ ಕಣ್ಣು ಹಾಯುವವರೆಗೂ ಮುಖಗಳು. ಕಾಲೇಜಿನ ಹುಡುಗಿಯರು, ಅಪ್ಪನ ಹೆಗಲೇರಿದ ಮಕ್ಕಳು, ಒಬ್ಬರ ಕೈ ಒಬ್ಬರು ಬಿಡದ ಹೊಸ ಜೋಡಿಗಳು. ಒದ್ದೆ ಕೂದಲು ಇಳಿಬಿಟ್ಟು ನಾನು ಬೆನ್ನ ಹಿಂದೆ ಹೋಗಿ ಸುಮ್ಮನೆ ಉಸಿರು ಬಿಟ್ಟರೆ ಸಾಕು, ಇಪ್ಪತ್ತು ಜನ ಒಟ್ಟಿಗೆ ಚೀರಿ, ಚೀರಿದ್ದಕ್ಕೆ ತಾವೇ ನಕ್ಕು, ಮುಂದಿನವರ ಮೇಲೆ ಬೀಳುತ್ತಿದ್ದರು. ಒಬ್ಬಾಕೆ ನನ್ನ ಕೈ ಹಿಡಿದು, ಇನ್ನೊಂದ್ಸಲ ಹೆದರಿಸಿ ಅಕ್ಕಾ, ಅತ್ತೆ ಫೋನಲ್ಲಿ ಹಿಡೀತಾರೆ ಎಂದಳು. ಹೆದರಿಸಿದೆ. ಫೋನು ಹಿಡಿದಿದ್ದ ಅತ್ತೆಯೇ ಮೊದಲು ಓಡಿದರು.

ಆರೂವರೆ ಸುಮಾರಿಗೆ ಚಿಕ್ಕಮ್ಮ ಕೈಯಲ್ಲಿ ಟಿಕೆಟ್ ಹಿಡಿದು ಸಾಲಿಗೆ ಬಂದರು. ನಾನು ಬೆನ್ನ ಹಿಂದೆ ಹೋಗಿ ನನ್ನ ಕೈಲಾದಷ್ಟು ಜೋರಾಗಿ ಕಿರುಚಿದೆ. ಅವರು ತಿರುಗಿ, ಗಂಟಲು ಕಟ್ಟಿದೆ, ಮನೆಗೆ ಬಂದು ಬಿಸಿನೀರು ಕುಡಿ ಎಂದು ಹೇಳಿ ಮುಂದೆ ಹೋದರು. ಸುತ್ತ ಇದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಏಳೂ ಮೂವತ್ತೈದಕ್ಕೆ ಧ್ವನಿವರ್ಧಕದಲ್ಲಿ ತೋಳದ ಕೂಗು ನಿಲ್ಲಿಸಿ ಒಂದು ಪ್ರಕಟಣೆ ಹೇಳಿದರು. ವಿಪರೀತ ಬೇಡಿಕೆಯ ಕಾರಣ ಎಂಟು ಗಂಟೆಯ ನಂತರ ಭೂತಬಂಗಲೆಗೆ ಎಕ್ಸ್‌ಪ್ರೆಸ್ ಟಿಕೆಟಿನವರಿಗೆ ಮಾತ್ರ ಪ್ರವೇಶ, ಸಾಮಾನ್ಯ ಟಿಕೆಟಿನವರು ಕೌಂಟರಿನಲ್ಲಿ ಹೆಚ್ಚಿನ ಹಣ ಕಟ್ಟಿ ಟಿಕೆಟ್ ಬದಲಿಸಿಕೊಳ್ಳಬಹುದು, ದರ ಎಂಟಕ್ಕೆ ಮತ್ತೆ ಏರಲಿದೆ. ಇಷ್ಟು ಹೇಳಿ ಮತ್ತೆ ತೋಳ ಕೂಗಿಸಿದರು.

ಗಂಟೆಗಟ್ಟಲೆ ಕಾಲು ನೋಯಿಸಿಕೊಂಡು ನಿಂತ ಮನುಷ್ಯನಿಗೆ ನಿನ್ನ ಬಾಗಿಲು ಇನ್ನು ಅರ್ಧ ಗಂಟೆಯಲ್ಲಿ ಮುಚ್ಚುತ್ತದೆ ಎಂದರೆ ಅವನು ಏನು ಮಾಡುತ್ತಾನೆ. ಓಣಿಯ ಬಾಲದಲ್ಲಿದ್ದವರು ಮುಂದಕ್ಕೆ ಒತ್ತಿದರು. ಅಂಗಳದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದವರೂ ಓಡಿ ಬಂದು ಓಣಿಗೆ ತುರುಕಿಕೊಂಡರು. ಆ ಹೊತ್ತಿನಲ್ಲಿ ಓಣಿಯ ಮುಂಭಾಗದಿಂದ ಕಿರುಚಾಟ ಕೇಳತೊಡಗಿತು.

ಇಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಇದನ್ನು ಮರೆಮಾಚಿದರೆ ಈ ಹೇಳಿಕೆಗೆ ಬೆಲೆಯಿಲ್ಲ. ಬೇರೆ ಯಾರೇ ಆಗಿದ್ದರೂ ಕಿರುಚಾಟ ಕೇಳಿದರೆ ಏನಾಯಿತೋ ಎಂದು ಓಡುತ್ತಿದ್ದರು. ನಾವು ದೆವ್ವಗಳು. ನಮಗೆ ಕಿರುಚಾಟವೆಂದರೆ ಚಪ್ಪಾಳೆ. ಇವತ್ತು ಜನ ಭರ್ಜರಿಯಾಗಿ ಹೆದರುತ್ತಿದ್ದಾರೆ ಎಂದು ಹನ್ನೆರಡೂ ಜನ ಹಿಗ್ಗಿದೆವು. ಮುಂದಿನವರು ಕಿರುಚಿದಷ್ಟೂ ನಾವು ಹಿಂದಿನವರನ್ನು ಇನ್ನಷ್ಟು ಹೆದರಿಸಿದೆವು. ಹಿಂದಿನವರು ಹೆದರಿ ಮುಂದಕ್ಕೆ ಓಡಿದರು. ಬೀಗ ಹಾಕಿದ ಗೇಟಿನ ಮೇಲೆ ಜನರನ್ನು ಒತ್ತಿದ್ದರಲ್ಲಿ ಐದು ನಿಮಿಷ ನಮ್ಮ ಕೈಯೂ ಇದೆ. ಆ ಕೆಲಸಕ್ಕೆ ನಮ್ಮನ್ನು ಅಲ್ಲಿ ನಿಲ್ಲಿಸಿದವರು ಯಾರು ಎಂಬುದನ್ನು ಮೇಲೆ ಹೇಳಿದ್ದೇನೆ.

ಗಮನಿಸಿದವನು ಉದ್ದಣ್ಣ. ಮರಗಾಲಿನ ಮೇಲೆ ನಿಂತರೆ ಅವನ ತಲೆ ಎಲ್ಲರ ತಲೆಗಿಂತ ಒಂದಾಳು ಮೇಲೆ. ಅವನು ಒಮ್ಮೆಲೇ ಕೂಗಾಟ ನಿಲ್ಲಿಸಿ ನನ್ನ ಕಡೆ ಬಗ್ಗಿ, ಅಕ್ಕಾ, ಇಲ್ಲಿರೋರು ಕಿರುಚಿ ನಗ್ತಿದಾರೆ, ಅಲ್ಲಿ ಮುಂದೆ ಇರೋರ ಬಾಯಿ ತೆರೆದಿದೆ, ನಗು ಇಲ್ಲ, ಕೈ ಮೇಲೆತ್ತಿದಾರೆ, ಇಳಿಸೋಕೆ ಜಾಗ ಇಲ್ಲ ಕಣಕ್ಕಾ ಎಂದ. ಬಿಳಿ ಬಣ್ಣ ಬಳಿದ ಮುಖದ ಮೇಲೂ ಅವನ ಗಾಬರಿ ಕಾಣುತ್ತಿತ್ತು.

ನಾನು ಬಾಲದಲ್ಲಿದ್ದವರಿಗೆ, ಹಿಂದೆ ಸರೀರಿ, ಮುಂದೆ ಜನ ಸಿಕ್ಕಿಕೊಂಡಿದಾರೆ, ಉಸಿರು ಕಟ್ತಿದೆ ಅವರಿಗೆ ಎಂದು ಕೂಗಿದೆ. ಅವರು ಕೇಕೆ ಹಾಕಿದರು. ಕೆಂಪು ಟೋಪಿಯ ಒಬ್ಬ ಯುವಕ ಪಕ್ಕದವನಿಗೆ, ಸಕತ್ತಾಗಿ ಮಾಡ್ತಾಳಲ್ಲೋ ಎಂದ. ಇದು ಆಟ ಅಲ್ಲ ಕಣಪ್ಪಾ ಎಂದು ಹೇಳಿ ನನ್ನ ಕೂದಲಿನ ವಿಗ್ ಕಿತ್ತು ನೆಲಕ್ಕೆ ಹಾಕಿದೆ. ಅವನು, ನೋಡು, ವಿಗ್ಗೂ ಕಿತ್ತಳು, ಕೊಟ್ಟ ದುಡ್ಡಿಗೆ ಮೋಸ ಇಲ್ಲ ಬಿಡು ಎಂದು ಫೋನು ಎತ್ತಿ ವಿಡಿಯೊ ಹಿಡಿದ. ಆರು ವರ್ಷ ನಾನು ಮಾಡಿದ ಸುಳ್ಳನ್ನೆಲ್ಲ ಜನ ನಂಬಿದರು. ಒಂದು ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ.

ಆಗ ನನಗೆ ಹೊಳೆದದ್ದು ಇಷ್ಟೇ. ಮಾತು ಕೇಳದವರು ಹೆದರಿಕೆ ಕೇಳುತ್ತಾರೆ. ಕಲಿತ ಪಾಠ ತಿರುಗಿಸಬೇಕು, ಎದುರಿನಿಂದ ಹೆದರಿಸಬೇಕು. ನಾನೂ ಉದ್ದಣ್ಣನೂ ಬಿಟ್ಟು ಉಳಿದ ಹತ್ತೂ ಜನಕ್ಕೆ, ಗೋಡೆ ಹತ್ತಿ, ಮುಖ ಅಂಗಳದ ಕಡೆ, ಒಬ್ಬರನ್ನೂ ಬಿಡಬೇಡಿ, ಹಿಂದಕ್ಕೆ ಓಡಿಸಿ ಎಂದೆ. ದೆವ್ವಗಳು ಕುಂಬಳಕಾಯಿ ಒದ್ದು ಬೀಳಿಸಿ ಎರಡೂ ಗೋಡೆ ಏರಿದವು. ಉದ್ದಣ್ಣ ಗೋಡೆಯ ಹೊರಗಿನಿಂದ ಹತ್ತು ಮೀಟರ್ ನಡೆದು, ಒಂದು ಮರಗಾಲು ಎತ್ತಿ ಗೋಡೆ ದಾಟಿ ಓಣಿಯೊಳಗೆ ಇಟ್ಟ. ಅಲ್ಲಿ ಇನ್ನೂ ಕಾಲೂರಲು ಜಾಗವಿತ್ತು. ಅಂಗಳದ ಕಡೆ ತಿರುಗಿ, ಕಪ್ಪು ಅಂಗಿಯ ಎರಡೂ ತೋಳು ಚಾಚಿ, ಸೊಂಟದಿಂದ ಬಗ್ಗಿ ಬಾಲದವರ ಮುಖದ ಮೇಲೆ ಒಂದು ಕೂಗು ಹಾಕಿದ. ಅವನ ಜೊತೆ ಇಷ್ಟು ವರ್ಷ ಕೆಲಸ ಮಾಡಿದ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

ಬಾಲ ತಿರುಗಿತು. ಮೊದಲು ಕೊನೆಯ ಮೂವತ್ತು ನಲವತ್ತು ಜನ ಚೀರಿಕೊಂಡು ಅಂಗಳಕ್ಕೆ ಓಡಿದರು. ಅವರ ಹಿಂದೆ ಅವರ ಮುಂದಿನವರು. ಗೋಡೆಯ ಮೇಲಿಂದ ದೆವ್ವಗಳು ಒಂದೊಂದೇ ಹೆಜ್ಜೆ ಗೇಟಿನ ಕಡೆ ಸರಿಯುತ್ತ, ಸರಿದಲ್ಲೆಲ್ಲ ಕೆಳಗಿದ್ದವರನ್ನು ಅಂಗಳಕ್ಕೆ ಅಟ್ಟಿದವು. ಎಲ್ಲರೂ ನಗುತ್ತಲೇ ಓಡುತ್ತಿದ್ದರು. ಕೆಂಪು ಟೋಪಿಯವನೂ ನಗುತ್ತಲೇ ಓಡಿದ. ತಾವು ಓಡಿದ್ದರಿಂದ ಒಬ್ಬರಿಗೆ ಉಸಿರು ಸಿಕ್ಕಿತೆಂದು ಅವರಿಗೆ ಇವತ್ತಿನವರೆಗೂ ತಿಳಿದಿರಲಿಕ್ಕಿಲ್ಲ. ಯಾರನ್ನೋ ಬದುಕಿಸುತ್ತಿದ್ದೇವೆಂದು ಗೊತ್ತಿದ್ದ ಹನ್ನೊಂದು ದೆವ್ವಗಳ ಕಣ್ಣುಗಳು ಮಾತ್ರ ಉರಿಯುತ್ತಿದ್ದವು. ಆ ಕಣ್ಣುಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಬಾಲವನ್ನು ಉದ್ದಣ್ಣನಿಗೆ ಬಿಟ್ಟು ನಾನು ಗೋಡೆಯ ಹಿಂದಿನ ಕೆಲಸಗಾರರ ದಾರಿಯಲ್ಲಿ ಗೇಟಿನ ಕಡೆ ಓಡಿದೆ. ಬರಿಗಾಲು, ಒದ್ದೆ ನಿಲುವಂಗಿ. ಎಕ್ಸ್‌ಪ್ರೆಸ್ ದಾರಿಗೆ ಬಂದಾಗ ಅಲ್ಲಿ ಆರೇಳು ಜನ ಮಾತ್ರ ಇದ್ದರು. ಆಟವಾಡಲು ಮೈದಾನವಾಗುವಷ್ಟು ಜಾಗ ಖಾಲಿ ಬಿದ್ದಿತ್ತು. ಒಂದು ಜೋಡಿ ನನ್ನನ್ನು ತಡೆದು, ಒಂದು ಸೆಲ್ಫಿ ಮೇಡಂ ಎಂದರು. ಅವರನ್ನು ಪಕ್ಕಕ್ಕೆ ಸರಿಸಿ ಓಡಿದೆ. ಬೈದಿದ್ದೇನೆ, ಏನೆಂದು ಬೈದೆ ಎಂಬುದನ್ನು ಬರೆಯಬೇಕಾಗಿಲ್ಲ.

ಗೇಟಿನ ಸರಳುಗಳಿಗೆ ಜನ ಅಂಟಿಕೊಂಡಿದ್ದರು. ತಿರುಗುವ ಕಂಬಿ ಜನರ ಒತ್ತಡಕ್ಕೆ ಬಾಗಿ ತಿರುಗುವುದನ್ನೇ ನಿಲ್ಲಿಸಿತ್ತು. ಮೊದಲ ಸಾಲಿನಲ್ಲೇ ಚಿಕ್ಕಮ್ಮ. ಕೆನ್ನೆ ಸರಳಿಗೆ ಒತ್ತಿ ಮುಖ ಓರೆಯಾಗಿತ್ತು. ಎರಡೂ ಕೈ ತಲೆಯ ಮೇಲೆ, ಕೈಯಲ್ಲಿ ಎರಡು ಮೂರು ವರ್ಷದ ಒಂದು ಮಗು, ಯಾರದೆಂದು ಆಗ ಗೊತ್ತಿರಲಿಲ್ಲ. ಚಿಕ್ಕಪ್ಪ ಬಾಯಿಗೆ ವಾಕಿಟಾಕಿ ಹಿಡಿದು ನಿಂತಿದ್ದರು. ಬೆಳಿಗ್ಗೆ ಚಿಕ್ಕಪ್ಪ ಬೇಡವೆಂದಿದ್ದ ಅದೇ ಮಾತಿನಲ್ಲಿ ಚಿಕ್ಕಮ್ಮ ಅವರನ್ನು ಕರೆದರು. ರೀ, ನನ್ನ ವಿಷಯ ಬಿಡಿ, ಈ ಮಗೂನ ಮೊದಲು ಈಸ್ಕೊಳ್ಳಿ, ತೋಳು ಸೋಲ್ತಿದೆ ಎಂದರು. ಚಿಕ್ಕಪ್ಪ ಸ್ಟೂಲಿನ ಮೇಲೆ ಹತ್ತಿ ಗೇಟಿನ ಮೇಲಿಂದ ಮಗುವನ್ನು ತೆಗೆದುಕೊಂಡರು.

ಚಿಕ್ಕಪ್ಪ ವಾಕಿಟಾಕಿಯಲ್ಲಿ, ಜನ ಸಾಯ್ತಾರೆ ಸಾರ್, ಬೀಗ ತೆಗೆಯೋಕೆ ಹೇಳಿ ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಅದು ಮೂರನೆಯ ಸಲ ಕೇಳುತ್ತಿರುವುದು ಎಂದೂ ಅವರು ಹೇಳಿದರು. ವಾಕಿಟಾಕಿಯಲ್ಲಿ ಮ್ಯಾನೇಜರರ ದನಿ ಬಂತು. ಎಕ್ಸ್‌ಪ್ರೆಸ್ ದಾರಿಗೆ ಸಾಮಾನ್ಯದವರನ್ನು ಬಿಟ್ಟರೆ ಮೂರು ಪಟ್ಟು ಕೊಟ್ಟವರು ದುಡ್ಡು ವಾಪಸ್ ಕೇಳ್ತಾರೆ, ಎಂಟು ಗಂಟೆವರೆಗೆ ಹಿಡ್ಕೊಳ್ಳಿ, ಎಂಟಕ್ಕೆ ಸಾಲು ತಾನಾಗೇ ಕರಗುತ್ತೆ ಎಂದರು. ಆಗ ಗಂಟೆ ಏಳೂ ನಲವತ್ತೆಂಟು. ಗೇಟಿನ ಮೇಲಿನ ಗಡಿಯಾರ ನೋಡಿ ಹೇಳುತ್ತಿದ್ದೇನೆ. ಸರಳಿನ ಹಿಂದೆ ಇದ್ದವರಿಗೆ ಹನ್ನೆರಡು ನಿಮಿಷ ಉಸಿರು ಹಿಡಿದುಕೊಂಡಿರಲು ಹೇಳಿದ ಆ ಮನುಷ್ಯ ಇನ್ನೊಬ್ಬರ ಮೇಲೆ ದೂರು ಬರೆಯುತ್ತಾನೆ.

ಅನಂತರ ಚಿಕ್ಕಪ್ಪ ಅಳುತ್ತಿದ್ದ ಮಗುವಿನ ಮೂಗು ಒರೆಸುತ್ತ ಬೇರೆ ಕಡೆ ತಿರುಗಿದ್ದರು. ಆ ಸಮಯ ನೋಡಿ ನಾನು ಅವರ ಸೊಂಟದ ಕೀಲಿ ಕಿತ್ತುಕೊಂಡು ಬೀಗ ತೆಗೆದೆ. ಗೇಟನ್ನು ಒಬ್ಬಳೇ ಜಾರಿಸಿದೆ. ಅವರಿಗೆ ತಿಳಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಗೇಟು ಸರಿದ ಮೇಲೆ ಯಾರೂ ನುಗ್ಗಲಿಲ್ಲ. ನುಗ್ಗಲು ಅವರಲ್ಲಿ ಉಸಿರೇ ಇರಲಿಲ್ಲ. ಹೊರಗೆ ಬಂದವರು ಬಂದಂತೆ ಖಾಲಿ ನೆಲದ ಮೇಲೆ ಕೂತರು, ಕೆಲವರು ಮಲಗಿಬಿಟ್ಟರು. ಪೆಟ್ಟಾದ ಹನ್ನೊಂದು ಜನರೂ ಗೇಟು ತೆಗೆಯುವ ಮುಂಚೆ ಸರಳಿಗೂ ಕಂಬಿಗೂ ಒತ್ತಿಕೊಂಡು ಪೆಟ್ಟಾದವರು. ಒಬ್ಬರ ಪಕ್ಕೆಲುಬು, ಒಬ್ಬರ ಮಣಿಕಟ್ಟು, ಉಳಿದವರಿಗೆ ತರಚಿದ ಗಾಯ. ಅವರ ಮೈಮೇಲಿನ ಸರಳಿನ ಬರೆಗಳನ್ನು ಆಸ್ಪತ್ರೆಯಲ್ಲಿ ನೋಡಬಹುದು. ಸೆಲ್ಫಿ ಕೇಳಿದ ಜೋಡಿ ತಮ್ಮ ನೀರಿನ ಬಾಟಲಿ ತಂದು ಕೊಟ್ಟಿತು. ಎಕ್ಸ್‌ಪ್ರೆಸ್ ಟಿಕೆಟಿನ ಒಬ್ಬ ಹೆಂಗಸು ನೆಲದ ಮೇಲೆ ಮಂಡಿಯೂರಿ, ಮೂರು ಪಟ್ಟು ಕೊಟ್ಟು ಕೊಂಡ ಅದೇ ದಪ್ಪ ಟಿಕೆಟಿನಿಂದ ಗುರುತಿಲ್ಲದ ಮುದುಕರೊಬ್ಬರಿಗೆ ಗಾಳಿ ಬೀಸಿದಳು. ದುಡ್ಡು ವಾಪಸ್ ಕೊಡಿ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ.

ಚಿಕ್ಕಮ್ಮ ಗೇಟಿನಲ್ಲಿ ಮೊದಲು ಬಂದವರಲ್ಲ. ಸರಳಿನ ಪಕ್ಕಕ್ಕೆ ಸರಿದು ನಿಂತು, ನಡೀರಿ ನಡೀರಿ, ನಂಗೇನೂ ಆಗಿಲ್ಲ ಎಂದು ಉಳಿದವರನ್ನು ತಳ್ಳಿ ಕಳಿಸಿದರು. ಮಗುವಿನ ತಾಯಿ ಹೊರಬಂದು ಮಗುವನ್ನು ಎದೆಗೆ ಅವಚಿಕೊಂಡದ್ದನ್ನು ನೋಡಿದ ಮೇಲೆ, ಎಲ್ಲರ ಕೊನೆಯಲ್ಲಿ ಬಂದರು. ಭೂತಬಂಗಲೆಯ ಒಳಗೆ ಕಾಲೇ ಇಡಲಿಲ್ಲ. ಅವರ ಟಿಕೆಟನ್ನು ಈ ಹೇಳಿಕೆಯ ಜೊತೆ ಹಾಜರುಪಡಿಸಿದ್ದೇನೆ. ಒಳಗೆ ಹೋದವರ ಟಿಕೆಟಿನ ತುದಿ ಹರಿಯುತ್ತಾರೆ. ಇದರ ತುದಿ ಹರಿದಿಲ್ಲ. ಹೆಂಡತಿಯನ್ನು ಪುಕ್ಕಟೆ ಒಳಗೆ ಬಿಟ್ಟರು ಎಂಬ ದೂರಿಗೆ ಇದೇ ಉತ್ತರ.

ಎಂಟು ಗಂಟೆ ಆರು ನಿಮಿಷಕ್ಕೆ ಮ್ಯಾನೇಜರರು ಬಂದರು. ನೆಲದ ಮೇಲೆ ಮಲಗಿದ್ದವರನ್ನು ದಾಟಿಕೊಂಡು ಬಂದು, ಟಿಕೆಟ್ ಇಲ್ಲದೆ ಎಷ್ಟು ಜನ ಒಳಗೆ ಹೋದರು ಎಂದು ಚಿಕ್ಕಪ್ಪನನ್ನು ಕೇಳಿದರು. ಯಾರಿಗೆ ಏನಾಯಿತು ಎಂಬುದು ಅವರ ಎರಡನೆಯ ಪ್ರಶ್ನೆಯೂ ಆಗಿರಲಿಲ್ಲ.

ಇಲ್ಲಿಗೆ ನನ್ನ ಹೇಳಿಕೆ ಮುಗಿದಿತ್ತು. ಪೇದೆಯವರು ಅದನ್ನು ಜೋರಾಗಿ ಓದಿ ಹೇಳುವಾಗ, ಸೊಂಟದ ಕೀಲಿ ಕಿತ್ತುಕೊಂಡೆ ಎಂಬಲ್ಲಿಗೆ ಬಂದ ಕೂಡಲೇ ಚಿಕ್ಕಪ್ಪ ಬೆಂಚಿನಿಂದ ಎದ್ದರು. ನಡೆದದ್ದನ್ನು ಇಲ್ಲಿ ಸೇರಿಸಬೇಕೆಂದು ಅವರೇ ಹಟ ಹಿಡಿದಿರುವುದರಿಂದ ಮುಂದಿನದನ್ನು ಸೇರಿಸಿದ್ದೇನೆ.

ಚಿಕ್ಕಪ್ಪ ಪೇದೆಯವರಿಗೆ, ಸ್ವಾಮಿ, ಆ ಸಾಲು ಹೊಡೆದುಹಾಕಿ, ಇಪ್ಪತ್ತೆರಡು ವರ್ಷದಿಂದ ಆ ಕೀಲಿ ನನ್ನ ಸೊಂಟದಲ್ಲಿದೆ, ಕಟ್ಕೊಂಡ ಹೆಂಡತಿ ಕೂಡ ಅದಕ್ಕೆ ಕೈ ಹಾಕಿಲ್ಲ, ಇವಳು ಕಿತ್ಕೊಂಡ್ಳಂತೆ, ನಾನು ಮೂಗು ಒರೆಸ್ತಾ ನಿಂತಿದ್ನಂತೆ ಎಂದರು. ಸುಮ್ಮನಿರಿ ಎಂದು ನಾನು ಅವರಿಗೆ ಕಣ್ಣು ಬಿಟ್ಟು ಸನ್ನೆ ಮಾಡಿದೆ. ನೀನು ಕಣ್ಣು ಬಿಟ್ಟರೆ ಹೆದರೋರು ಟಿಕೆಟ್ ಕೊಂಡು ಬಂದೋರು, ನನ್ನ ಹತ್ರ ಅದೆಲ್ಲ ಬೇಡ ಎಂದರು. ತೆಗೆದವರು ನೀವೇ ಎಂದು ಬರೆದರೆ ನಿಮಗೇ ತೊಂದರೆ ಯಜಮಾನರೇ, ಒಂಬತ್ತು ತಿಂಗಳು ಉಳಿದಿದೆ ಅಂತ ನಿಮ್ಮ ಮಗಳೇ ಹೇಳಿದಾರೆ, ಯೋಚನೆ ಮಾಡಿ ಎಂದು ಪೇದೆಯವರು ತಿಳಿಹೇಳಿದರು. ರಾತ್ರಿಯೆಲ್ಲ ಅದೇ ಯೋಚನೆ ಮಾಡಿದೀನಿ ಸ್ವಾಮಿ, ಇಪ್ಪತ್ತೆರಡು ವರ್ಷ ಆ ಗೇಟು ಮುಚ್ಚಿದ್ದಕ್ಕೆ ಅವರು ನನಗೆ ಸಂಬಳ ಕೊಟ್ಟರು, ಒಂದ್ಸಲ ತೆಗೆದೆ, ಅದು ನಂದು, ಅದನ್ನ ಬೇರೆಯವರ ಹೆಸರಿಗೆ ಬರೆಯೋಕೆ ನಾನು ಬಿಡಲ್ಲ ಎಂದರು.

ಬಾಗಿಲಲ್ಲಿದ್ದ ಚಿಕ್ಕಮ್ಮ, ಬರ್ಕೊಳ್ಳಿ ಸ್ವಾಮಿ, ನಾನು ಸರಳಿನ ಸಂದಿಂದ ನೋಡಿದೀನಿ, ನಮ್ಮ ಮದುವೆ ಆದಾಗಿಂದ ಇವರು ಯಾರ ಅಪ್ಪಣೆನೂ ಇಲ್ಲದೆ ಮಾಡಿದ ಕೆಲಸ ಅದೊಂದೇ ಎಂದರು.

ಆದ್ದರಿಂದ ತಿದ್ದಿ ಹೇಳುವುದೇನೆಂದರೆ, ಮ್ಯಾನೇಜರರ ಉತ್ತರ ಕೇಳಿದ ಮೇಲೆ ಚಿಕ್ಕಪ್ಪ ಮಗುವನ್ನು ನನ್ನ ಕೈಗೆ ಕೊಟ್ಟರು. ವಾಕಿಟಾಕಿಯನ್ನು ಸ್ಟೂಲಿನ ಮೇಲೆ ಇಟ್ಟರು. ಅದರಲ್ಲಿ ಮ್ಯಾನೇಜರರು ಇನ್ನೂ ಮಾತಾಡುತ್ತಲೇ ಇದ್ದರು. ಚಿಕ್ಕಪ್ಪ ಸೊಂಟದಿಂದ ಕೀಲಿ ಬಿಚ್ಚಿ ಬೀಗ ತೆಗೆದರು. ಜನರ ಭಾರಕ್ಕೆ ಗೇಟು ಒಂದು ಗೇಣು ಸರಿದು ಸಿಕ್ಕಿಕೊಂಡಿತು. ಏನೇ ನೋಡ್ತಾ ನಿಂತಿದೀಯಾ, ಭುಜ ಕೊಡು ಎಂದು ನನ್ನನ್ನು ಬೈದರು. ಮಗುವನ್ನು ಸೆಲ್ಫಿಯ ಹುಡುಗಿಗೆ ಕೊಟ್ಟು ಭುಜ ಕೊಟ್ಟೆ. ಒಳಗಿನಿಂದ ಚಿಕ್ಕಮ್ಮನೂ ಪಕ್ಕದವರೂ ಸರಳು ಹಿಡಿದು ಅದೇ ದಿಕ್ಕಿಗೆ ಎಳೆದರು. ಗೇಟು ಸರಿಯಿತು. ಚಿಕ್ಕಪ್ಪ ಗೇಟಿನ ಅಂಚು ಹಿಡಿದು, ಬನ್ನಿ, ನಿಧಾನ, ಬನ್ನಿ, ಎಲ್ಲರೂ ಬನ್ನಿ ಎಂದು ಕೊನೆಯವರು ಬರುವವರೆಗೂ ಹೇಳುತ್ತಲೇ ಇದ್ದರು. ಆ ಮನುಷ್ಯನ ಬಾಯಿಂದ ಬನ್ನಿ ಎಂಬ ಮಾತನ್ನು ಆ ಗೇಟಿನ ಹತ್ತಿರ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಗೇಟು ತೆಗೆದದ್ದು ನಾನು, ಕೀಲಿ ಕಿತ್ತುಕೊಂಡೆ, ಗೇಟನ್ನು ಒಬ್ಬಳೇ ಜಾರಿಸಿದೆ ಎಂದು ಮೇಲೆ ಹೇಳಿದ ಮಾತುಗಳು ಸುಳ್ಳು. ಅವುಗಳ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದೆಲ್ಲ ನಡೆದದ್ದು ನಡೆದಂತೆ. ಯಾರ ಬಲವಂತವೂ ಇಲ್ಲ. ಓದಿಸಿ ಕೇಳಿ, ಸರಿಯೆಂದು ಒಪ್ಪಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಬರವಣಿಗೆಯ ಕೋಣೆ.
ದಿನ: ಹ್ಯಾಲೋವೀನಿನ ಮರುದಿನ, ಬೆಳಿಗ್ಗೆ.

ಹೇಳಿಕೆ ಕೊಟ್ಟವಳು: (ಸಹಿ) ಬಾವಿಯಕ್ಕ

ಸಾಕ್ಷಿ ಎಂದು ಪೇದೆಯವರು ಬರೆದಿದ್ದ ಪದವನ್ನು ಹೊಡೆದು, ಚಿಕ್ಕಪ್ಪ ತಮ್ಮ ಕೈಯಾರೆ ಬರೆದದ್ದು:

ಗೇಟು ತೆಗೆದವನು: (ಸಹಿ)